ಸೆಂಟರ್ ಬೇಕು ಅಂತ ಸೆಂಟರನ್ನೇ ಆರಿಸಬೇಕಾ? ಐಸ್ ಹಾಕಿ ಡ್ರಾಫ್ಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಎನ್‌ಎಚ್‌ಎಲ್, ಅಂದರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್‌ನ ಡ್ರಾಫ್ಟ್ ಬಗ್ಗೆ. ಈ ಆಟ ಅಷ್ಟು ಪರಿಚಯ ಇಲ್ಲದವರಿಗೆ ಮೊದಲು ಎರಡು ಮಾತು. ಮುಂದೆ ನಿಂತು ದಾಳಿ ಮಾಡುವವರು ಫಾರ್ವರ್ಡ್: ನಡುವಿನವನು ಸೆಂಟರ್, ಅಕ್ಕಪಕ್ಕದವರು ವಿಂಗರ್. ಹಿಂದೆ ಕಾಯುವವರು ಡಿಫೆನ್ಸ್‌ಮನ್. ಪ್ರತಿ ಬೇಸಿಗೆಯಲ್ಲಿ 32 ತಂಡಗಳು ಸರದಿಯ ಮೇಲೆ ಹದಿನೆಂಟರ ಆಸುಪಾಸಿನ ಹುಡುಗರನ್ನು ಆರಿಸಿಕೊಳ್ಳುತ್ತವೆ. ಒಟ್ಟು ಏಳು ಸುತ್ತು. ಹಿಂದಿನ ಸೀಸನ್‌ನಲ್ಲಿ ಕೆಳಗಿದ್ದ ತಂಡಗಳಿಗೆ ಮೊದಲ ಸರದಿ, ತೀರಾ ಮೇಲಿನ ಸ್ಥಾನಗಳಿಗೆ ಮಾತ್ರ ಲಾಟರಿ. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಯಾರೂ ದುಡ್ಡು ಕೂಗುವುದಿಲ್ಲ. ಇನ್ನೂ ಒಂದು ದೊಡ್ಡ ವ್ಯತ್ಯಾಸ ಇದೆ. ಐಪಿಎಲ್‌ನಲ್ಲಿ ಕೊಂಡ ಆಟಗಾರ ಮುಂದಿನ ಸೀಸನ್‌ಗೇ ಮೈದಾನಕ್ಕೆ ಇಳಿಯುತ್ತಾನೆ. ಇಲ್ಲಿ ಆರಿಸಿದ ಹುಡುಗ ತಂಡಕ್ಕೆ ಬರುವುದು ಬಹಳ ಸಲ ಮೂರು ನಾಲ್ಕು ವರ್ಷ ಕಳೆದ ಮೇಲೆ. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತವೆ.

ನಾನು ವಿರಾಜಪೇಟೆ ಕಡೆಯವನು. ಕೊಡವ ಮನೆತನಗಳು ಆಡುವ ಹಾಕಿ ನಮ್ಮೆಯಲ್ಲಿ ನಮ್ಮ ಒಕ್ಕದ, ಅಂದರೆ ಮನೆತನದ, ತಂಡಕ್ಕೆ ಆಡಿದ್ದೇನೆ. ಈಗ ಕೆನಡಾದಲ್ಲಿದ್ದೇನೆ, ಮಗನ ಜೊತೆ ಕೂತು ಮಾಂಟ್ರಿಯಲ್ ತಂಡದ ಆಟ ನೋಡುತ್ತೇನೆ. ತಂಡಕ್ಕೆ ಸೆಂಟರ್ ಇಲ್ಲ ಅಂದಮೇಲೆ ಡ್ರಾಫ್ಟ್‌ನಲ್ಲಿ ಸೆಂಟರನ್ನೇ ತೆಗೆದುಕೊಳ್ಳಬೇಕಲ್ವಾ? 2022ರಲ್ಲಿ ಶೇನ್ ರೈಟ್‌ನನ್ನು ಬಿಟ್ಟು ವಿಂಗರ್ ಸ್ಲಾಫ್ಕೊವ್‌ಸ್ಕಿಯನ್ನು ಯಾಕೆ ಆರಿಸಿದರು? — ಬ್ರ್ಯಾಂಪ್ಟನ್‌ನ ಓದುಗರು

ಒಕ್ಕದ ತಂಡದಲ್ಲಿ ಆಡಿದವರಿಗೆ ಕೊರತೆ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಮನೆಯಲ್ಲಿ ಯಾರಿದ್ದಾರೋ ಅವರೇ ತಂಡ. ಗೋಲ್‌ಗೆ ನಿಲ್ಲುವವರು ಸಿಗದಿದ್ದರೆ ಅಣ್ಣತಮ್ಮಂದಿರಲ್ಲೇ ಯಾರೋ ಒಬ್ಬರು ಪ್ಯಾಡ್ ಕಟ್ಟಿಕೊಳ್ಳಬೇಕು. ಆದರೆ ಅದು ಈ ವರ್ಷದ ಕೊರತೆ, ಈ ವರ್ಷವೇ ತುಂಬಬೇಕು. ಡ್ರಾಫ್ಟ್ ದಿನ ಕಾಣುವ ಕೊರತೆ ಹಾಗಲ್ಲ. ಹುಡುಗ ಬಲಿತು ಬರುವ ಹೊತ್ತಿಗೆ ಆ ಕೊರತೆ ಇರುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ.

ನಿಮ್ಮ ಮಾಂಟ್ರಿಯಲ್‌ನ ಕಥೆಯನ್ನೇ ತೆಗೆದುಕೊಳ್ಳೋಣ. 2018ರಲ್ಲಿ ಆ ತಂಡದ ಕೈಯಲ್ಲಿ ಮೂರನೇ ಆಯ್ಕೆ ಇತ್ತು. ಒಳ್ಳೆಯ ಸೆಂಟರ್ ಇಲ್ಲ ಅನ್ನುವ ಕೊರಗು ಊರಿಗೆಲ್ಲ ಗೊತ್ತಿತ್ತು. ಫಿನ್ಲೆಂಡ್‌ನ ಯೆಸ್ಪೆರಿ ಕೊಟ್ಕನಿಯೆಮಿಯನ್ನು ಆರಿಸಿದರು. ಹುಡುಗ ಚೆನ್ನಾಗಿಯೇ ಇದ್ದ, ಸೆಂಟರ್ ಕೂಡ ಹೌದು. ಅದೇ ಶರತ್ಕಾಲದಲ್ಲಿ, ಹದಿನೆಂಟನೇ ವಯಸ್ಸಿಗೇ, ಎನ್‌ಎಚ್‌ಎಲ್‌ನಲ್ಲಿ ಆಡಿಸಿದರು. ಮೊದಲ ಸೀಸನ್‌ನಲ್ಲಿ 34 ಪಾಯಿಂಟ್ (ಹೊಡೆದ ಗೋಲ್, ಗೋಲ್‌ಗೆ ಕೊಟ್ಟ ಪಾಸ್ ಎರಡೂ ಸೇರಿ) ಬಂತು. ಎರಡನೇ ವರ್ಷ ತಡವರಿಸಿದ, ಕೆಳಗಿನ ಲೀಗ್‌ಗೆ ಕಳಿಸಬೇಕಾಯಿತು. 2021ರಲ್ಲಿ ಕ್ಯಾರೊಲೈನಾ ತಂಡ ಅವನಿಗೆ ಜಾಸ್ತಿ ಸಂಬಳದ ಆಫರ್ ಶೀಟ್, ಅಂದರೆ ನಮ್ಮಲ್ಲಿಗೆ ಬಾ ಅನ್ನುವ ಒಪ್ಪಂದ, ಮುಂದಿಟ್ಟಿತು. ಮಾಂಟ್ರಿಯಲ್ ಅದಕ್ಕೆ ಸರಿಗಟ್ಟಲಿಲ್ಲ, ಅವನು ಹೋದ.

2018ರಲ್ಲಿ ಅವನ ಹಿಂದೆಯೇ ನಾಲ್ಕನೆಯವನಾಗಿ ಹೋದವನು ಬ್ರೇಡಿ ಟ್ಕಾಚಕ್, ಆಮೇಲೆ ಒಟ್ಟಾವಾ ತಂಡದ ನಾಯಕನಾದ. ಏಳನೆಯವನು ಕ್ವಿನ್ ಹ್ಯೂಸ್. 2024ರಲ್ಲಿ ಲೀಗ್‌ನ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಅವನಿಗೆ ಬಂತು.

ಇದರಲ್ಲಿ ನನ್ನನ್ನು ಜಾಸ್ತಿ ಕಾಡುವುದು ಬೇರೆ ವಿಷಯ. ಡ್ರಾಫ್ಟ್ ನಡೆದದ್ದು ಜೂನ್‌ನಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್ ತನ್ನ ನಾಯಕ ಮ್ಯಾಕ್ಸ್ ಪ್ಯಾಚೊರೆಟಿಯನ್ನು ವೇಗಸ್‌ಗೆ ಬಿಟ್ಟುಕೊಟ್ಟಿತು. ಬದಲಿಗೆ ಬಂದವರಲ್ಲಿ ನಿಕ್ ಸುಜುಕಿ ಅನ್ನುವ ಹುಡುಗ ಇದ್ದ. ಸೆಂಟರ್! ಇವತ್ತು ಆ ತಂಡದ ನಾಯಕ ಅವನೇ. ಅಂದರೆ ಯಾವ ಕೊರತೆಗಾಗಿ ಮೂರನೇ ಆಯ್ಕೆ ಖರ್ಚು ಮಾಡಿದರೋ, ಆ ಕೊರತೆ ಮೂರು ತಿಂಗಳಲ್ಲಿ ಒಂದು ವಿನಿಮಯದಿಂದ ತುಂಬಿತು.

ಈಗ 2022. ಡ್ರಾಫ್ಟ್ ಮಾಂಟ್ರಿಯಲ್‌ನಲ್ಲೇ ನಡೆಯಿತು, ಮೊದಲ ಆಯ್ಕೆಯೂ ಅವರದೇ. ರೈಟ್ ಸೆಂಟರ್, ಅವನ ಹೆಸರು ವರ್ಷಗಟ್ಟಲೆ ಪಟ್ಟಿಯ ಮೇಲ್ತುದಿಯಲ್ಲಿತ್ತು. ಆದರೂ ಸ್ಲೊವಾಕಿಯಾದ ಯುರಾಯ್ ಸ್ಲಾಫ್ಕೊವ್‌ಸ್ಕಿಯ ಹೆಸರು ಕರೆದರು. ರೈಟ್ ನಾಲ್ಕನೆಯವನಾಗಿ ಸಿಯಾಟಲ್‌ಗೆ ಹೋದ. ಸೆಂಟರ್ ವಿಷಯ ಏನಾಯಿತು? ಅದೇ ರಾತ್ರಿ ಒಬ್ಬ ಡಿಫೆನ್ಸ್‌ಮನ್‌ನನ್ನು ಕೊಟ್ಟು 13ನೇ ಆಯ್ಕೆ ತಂದರು. ಅದನ್ನು ಶಿಕಾಗೊಗೆ ಕೊಟ್ಟು ಕರ್ಬಿ ಡಾಕ್ ಅನ್ನುವ ಸೆಂಟರನ್ನು ತಂದರು. ಚೆನ್ನಾಗಿ ಕಾಣುವ ಹುಡುಗನನ್ನು ಡ್ರಾಫ್ಟ್‌ನಲ್ಲಿ ಹಿಡಿ, ಕೊರತೆಯನ್ನು ವಿನಿಮಯದಲ್ಲಿ ತುಂಬು. ಒಂದೇ ಸಂಜೆಯಲ್ಲಿ ಎರಡನ್ನೂ ಮಾಡಿ ತೋರಿಸಿದರು. ಡಾಕ್ ಆಮೇಲೆ ಮಂಡಿ ಗಾಯದಿಂದ ಬಹಳ ಕಷ್ಟಪಟ್ಟ, ಅದು ಬೇರೆ ಸಂಕಟ. ಆದರೆ ದಾರಿ ಸರಿಯಾಗಿಯೇ ಇತ್ತು ಅಂತ ನನ್ನ ಅಭಿಪ್ರಾಯ. ಸ್ಲಾಫ್ಕೊವ್‌ಸ್ಕಿ ಎರಡನೇ ಸೀಸನ್‌ನಲ್ಲಿ 20 ಗೋಲ್ ಹೊಡೆದ, ಎಂಟು ವರ್ಷದ ಒಪ್ಪಂದ ಪಡೆದ.

ಇದೇ ತಂಡದ ಹಳೆಯ ಕಥೆ ಒಂದಿದೆ. 2005ರಲ್ಲಿ ಐದನೇ ಆಯ್ಕೆಯಲ್ಲಿ ಗೋಲಿ ಕೇರಿ ಪ್ರೈಸ್‌ನನ್ನು ತೆಗೆದುಕೊಂಡರು. ಆಗ ತಂಡದಲ್ಲಿ ಜೋಸೆ ಥಿಯೋಡೋರ್ ಇದ್ದ, 2002ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಪಡೆದವನು. ಗೋಲಿ ಯಾಕೆ ಬೇಕು ಅಂತ ಜನ ಕೇಳಿದ್ದು ಸಹಜವೇ. ಒಂದು ವರ್ಷ ತುಂಬುವ ಮೊದಲೇ ಥಿಯೋಡೋರ್ ಬೇರೆ ತಂಡಕ್ಕೆ ಹೋಗಿದ್ದ. ಪ್ರೈಸ್ 2015ರಲ್ಲಿ ಅದೇ ಹಾರ್ಟ್ ಟ್ರೋಫಿ ಎತ್ತಿದ.

ಅಂಕಿ ನೋಡಿದರೆ ನನಗೆ ಗೊಂದಲ. ಆ ವರ್ಷ ರೈಟ್ ಜೂನಿಯರ್ ಲೀಗ್‌ನಲ್ಲಿ 63 ಆಟದಲ್ಲಿ 94 ಪಾಯಿಂಟ್ ಗಳಿಸಿದ್ದ. ಸ್ಲಾಫ್ಕೊವ್‌ಸ್ಕಿ ಫಿನ್ಲೆಂಡ್ ಲೀಗ್‌ನಲ್ಲಿ 31 ಆಟದಲ್ಲಿ ಬರೀ 10. ಇದನ್ನು ಹೇಗೆ ತೂಗುತ್ತಾರೆ? — ಮೈಸೂರಿನ ಓದುಗರು

ಎರಡೂ ಬೇರೆ ಬೇರೆ ತಕ್ಕಡಿ. ರೈಟ್ ಆಡಿದ ಒಂಟಾರಿಯೊ ಲೀಗ್‌ನಲ್ಲಿ ಎದುರಿಗೆ ಇರುವವರು ಹದಿನಾರರಿಂದ ಇಪ್ಪತ್ತರ ಹುಡುಗರು. ಫಿನ್ಲೆಂಡ್‌ನ ಲೀಗಾದಲ್ಲಿ ಎದುರಾಗುವವರು ಮೂವತ್ತು ದಾಟಿದ, ಇದರಲ್ಲೇ ಹೊಟ್ಟೆ ಹೊರೆಯುವ ಗಂಡಸರು. ಹದಿನೇಳರ ಹುಡುಗನಿಗೆ ಅಲ್ಲಿ ಐಸ್ ಮೇಲೆ ಸಿಗುವ ಸಮಯವೂ ಕಡಿಮೆ. ಅದೇ ಚಳಿಗಾಲದಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವನು ಏಳು ಗೋಲ್ ಹೊಡೆದ, ಸ್ಲೊವಾಕಿಯಾಗೆ ಕಂಚು ಬಂತು, ಟೂರ್ನಿಯ ಅತ್ಯುತ್ತಮ ಆಟಗಾರನೂ ಅವನೇ ಆದ. ಸ್ಕೌಟ್‌ಗಳು, ಅಂದರೆ ತಂಡಕ್ಕಾಗಿ ಹುಡುಗರನ್ನು ಹುಡುಕುವವರು, ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡುತ್ತಾರೆ. ಯಾವ ಲೀಗ್, ಪಕ್ಕದಲ್ಲಿ ಆಡುವವರು ಯಾರು, ಎಷ್ಟು ಪಾಯಿಂಟ್ ಪವರ್ ಪ್ಲೇಯಲ್ಲಿ (ಎದುರಾಳಿ ಶಿಕ್ಷೆಯಿಂದ ಒಬ್ಬ ಕಡಿಮೆ ಇರುವಾಗ) ಬಂದದ್ದು, ಹೀಗೆ.

ಹುಟ್ಟಿದ ದಿನವನ್ನೂ ಮರೆಯಬೇಡಿ. ಸೆಪ್ಟೆಂಬರ್ 15ರ ಒಳಗೆ ಹದಿನೆಂಟು ತುಂಬಿದರೆ ಆ ವರ್ಷದ ಡ್ರಾಫ್ಟ್, ಇಲ್ಲವಾದರೆ ಮುಂದಿನ ವರ್ಷ. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17. ಎರಡೇ ದಿನದಲ್ಲಿ ಒಂದು ವರ್ಷ ಹಿಂದೆ ಬಿದ್ದ, 2016ರಲ್ಲಿ ಮೊದಲನೆಯವನಾಗಿ ಟೊರಾಂಟೊಗೆ ಬಂದ. ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5, ಗಡಿಗೆ ಹತ್ತು ದಿನ ಈಚೆ. ಅಂದರೆ ತನ್ನ ಗುಂಪಿನಲ್ಲಿ ತೀರಾ ಚಿಕ್ಕವರಲ್ಲಿ ಒಬ್ಬ. ಆ ಸೀಸನ್‌ನಲ್ಲಿ ಕಾಲರ್ ಮೂಳೆ ಮುರಿದು ಜೂನಿಯರ್ ತಂಡಕ್ಕೆ ಆಡಿದ್ದು ಬರೀ 17 ಆಟ. ಆದರೂ 2025ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಅವನನ್ನೇ ಮೊದಲು ಆರಿಸಿತು. ಅಷ್ಟು ಚಿಕ್ಕ ವಯಸ್ಸಿಗೆ ಅಷ್ಟು ಸಲೀಸಾಗಿ ಸ್ಕೇಟ್ ಮಾಡಿ ಆಟ ನಡೆಸುವ ಡಿಫೆನ್ಸ್‌ಮನ್ ಸಿಕ್ಕರೆ ಆಟದ ಲೆಕ್ಕ ಯಾರು ಎಣಿಸುತ್ತಾರೆ ಹೇಳಿ.

ಎತ್ತರ, ತೂಕ, ಜಿಮ್ ಪರೀಕ್ಷೆ ಇವಕ್ಕೆಲ್ಲ ಎಷ್ಟು ಬೆಲೆ? — ಬೆಂಗಳೂರಿನ ಓದುಗರು

ಇದೆ, ಆದರೆ ಸುದ್ದಿಯಲ್ಲಿ ಕಾಣುವಷ್ಟು ಇಲ್ಲ. ಡ್ರಾಫ್ಟ್‌ಗೆ ಮುಂಚೆ ಹುಡುಗರನ್ನು ಒಂದು ಕಡೆ ಸೇರಿಸಿ ಸೈಕಲ್ ತುಳಿಸುತ್ತಾರೆ, ನೆಗೆಸುತ್ತಾರೆ, ಪುಲ್‌ಅಪ್ ಹೊಡೆಸುತ್ತಾರೆ. ಅದರಲ್ಲಿ ಸ್ಕೇಟಿಂಗ್ ಇಲ್ಲವೇ ಇಲ್ಲ! 2014ರಲ್ಲಿ ಸ್ಯಾಮ್ ಬೆನೆಟ್‌ಗೆ ಒಂದು ಪುಲ್‌ಅಪ್ ಕೂಡ ಹೊಡೆಯಲು ಆಗಲಿಲ್ಲ. ದೊಡ್ಡ ಸುದ್ದಿಯಾಯಿತು. ಕ್ಯಾಲ್ಗರಿ ಅವನನ್ನು ನಾಲ್ಕನೆಯವನಾಗಿ ಆರಿಸಿತು. 2025ರಲ್ಲಿ ಫ್ಲಾರಿಡಾ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಬೆನೆಟ್. ತೋಳಿನ ಬಲ ಬೆಳೆಸಬಹುದು. ಎದುರಾಳಿ ಮುಂದೇನು ಮಾಡುತ್ತಾನೆ ಅಂತ ಓದುವ ಬುದ್ಧಿಯನ್ನು ಅಷ್ಟು ಸುಲಭವಾಗಿ ಬೆಳೆಸಲು ಆಗುವುದಿಲ್ಲ.

ಲೇನ್ ಹಟ್ಸನ್ ಪುಟ್ಟ ಮೈಕಟ್ಟಿನ ಡಿಫೆನ್ಸ್‌ಮನ್. ತಾನು ಇನ್ನೂ ಬೆಳೆಯುತ್ತೇನೆ ಅಂತ ವೈದ್ಯರ ಪತ್ರವನ್ನೇ ತಂಡಗಳಿಗೆ ಕೊಟ್ಟಿದ್ದ, ಪಾಪ. 2022ರಲ್ಲಿ 62ನೆಯವನಾಗಿ ಅದೇ ಮಾಂಟ್ರಿಯಲ್ ಆರಿಸಿತು. 2025ರಲ್ಲಿ ವರ್ಷದ ಅತ್ಯುತ್ತಮ ಹೊಸಬ ಅಂತ ಕಾಲ್ಡರ್ ಟ್ರೋಫಿ ಪಡೆದ.

ಗೋಲಿಗಳನ್ನು ಮೊದಲ ಸುತ್ತಿನಲ್ಲಿ ಯಾಕೆ ಅಷ್ಟಾಗಿ ಆರಿಸುವುದಿಲ್ಲ? — ಸಿಡ್ನಿಯ ಓದುಗರು

ಅವರು ಬಲಿಯುವುದು ತಡ, ಹದಿನೆಂಟಕ್ಕೆ ಊಹೆ ಕಷ್ಟ. ಆಮೇಲೆ ದೊಡ್ಡ ಹೆಸರು ಮಾಡಿದ ಗೋಲಿಗಳಲ್ಲಿ ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ದಲ್ಲಿ 205ನೆಯವನು, ಕಾನರ್ ಹೆಲೆಬಕ್ 2012ರಲ್ಲಿ 130ನೆಯವನು. ಪ್ರೈಸ್‌ನಂಥವನು ಕಂಡರೆ ಮಾತ್ರ ಮೊದಲೇ ಕೈ ಹಾಕಬೇಕು.

ಹಾಗಾದರೆ ತಂಡದ ಅಗತ್ಯ ಅನ್ನುವ ಮಾತೇ ಸುಳ್ಳಾ? — ಧಾರವಾಡದ ಓದುಗರು

ಸುಳ್ಳಲ್ಲ. ಅದಕ್ಕೆ ಒಂದು ಜಾಗ ಇದೆ, ಆ ಜಾಗದಲ್ಲಿ ಇಟ್ಟರೆ ಕೆಲಸಕ್ಕೆ ಬರುತ್ತದೆ.

ಒಳ್ಳೆಯ ಸ್ಕೌಟ್‌ಗಳು ಪಟ್ಟಿ ಮಾಡುವಾಗ ಹೆಸರುಗಳ ನಡುವೆ ಗೆರೆ ಎಳೆಯುತ್ತಾರೆ. ಮೊದಲ ಗೆರೆಯ ಮೇಲೆ ಇಬ್ಬರು ಇರಬಹುದು, ಅದರ ಕೆಳಗೆ ಐದು ಜನ, ಅದರ ಕೆಳಗೆ ಹನ್ನೆರಡು. ಒಂದೇ ಗೆರೆಯ ಒಳಗಿರುವವರು ಹೆಚ್ಚುಕಮ್ಮಿ ಸಮಾನರು. ಅಲ್ಲಿ ನಮಗೆ ಬಲಗೈ ಡಿಫೆನ್ಸ್‌ಮನ್ ಕಡಿಮೆ, ಇವನನ್ನು ತೆಗೆದುಕೊಳ್ಳೋಣ ಅನ್ನಬಹುದು, ಅನ್ನಲೇಬೇಕು. ಗೆರೆ ದಾಟಿ ಕೆಳಗಿಳಿದು ಆರಿಸಿದರೆ ಮಾತ್ರ ಕಷ್ಟ. ಅದೂ ಅಲ್ಲದೆ ನೋಡಬೇಕಾದದ್ದು ಇವತ್ತು ಆಡುತ್ತಿರುವ ಎಂಟನೇ ವಿಂಗರ್ ಯಾರು ಅಂತಲ್ಲ. ಕೆಳಗಿನ ಲೀಗ್‌ಗಳಲ್ಲಿ, ಕಾಲೇಜುಗಳಲ್ಲಿ, ಯುರೋಪಿನಲ್ಲಿ ಬೆಳೆಯುತ್ತಿರುವ ನಮ್ಮ ಹುಡುಗರಲ್ಲಿ ಯಾವ ಜಾಗ ಖಾಲಿ ಇದೆ ಅಂತ.

2016ರಲ್ಲಿ ವ್ಯಾಂಕೂವರ್‌ಗೆ ಡಿಫೆನ್ಸ್ ಕೊರತೆ ಇತ್ತು. ಐದನೇ ಆಯ್ಕೆಯಲ್ಲಿ ಡಿಫೆನ್ಸ್‌ಮನ್ ಒಲ್ಲಿ ಯೂಲೆವಿಯನ್ನು ಆರಿಸಿದರು. ಆರನೆಯವನಾಗಿ ಕ್ಯಾಲ್ಗರಿಗೆ ಹೋದವನು ಬ್ರೇಡಿಯ ಅಣ್ಣ ಮ್ಯಾಥ್ಯೂ ಟ್ಕಾಚಕ್. ಇಬ್ಬರೂ ಆ ವರ್ಷ ಲಂಡನ್ ನೈಟ್ಸ್ ಅನ್ನುವ ಒಂದೇ ಜೂನಿಯರ್ ತಂಡದವರು, ಒಟ್ಟಿಗೆ ಮೆಮೋರಿಯಲ್ ಕಪ್ ಗೆದ್ದವರು. ಅಂದರೆ ಇಬ್ಬರನ್ನೂ ಒಂದೇ ಆಟದಲ್ಲಿ, ಒಂದೇ ಐಸ್ ಮೇಲೆ ನೋಡುವ ಅವಕಾಶ ಎಲ್ಲರಿಗೂ ಇತ್ತು. ಯೂಲೆವಿಗೆ ಬೆನ್ನು, ಮಂಡಿ ಗಾಯಗಳು ಅಡ್ಡ ಬಂದವು. ಅದನ್ನು ಯಾರೂ ಮೊದಲೇ ಕಾಣಲು ಆಗುತ್ತಿರಲಿಲ್ಲ, ಆ ಹುಡುಗನ ಬಗ್ಗೆ ನನಗೆ ಬೇಸರವಿದೆ. ಆದರೆ ಮ್ಯಾಥ್ಯೂ ಆಮೇಲೆ ಫ್ಲಾರಿಡಾಗೆ ಹೋಗಿ ಎರಡು ಸ್ಟ್ಯಾನ್ಲಿ ಕಪ್ ಗೆದ್ದ.

ಇನ್ನೊಂದು ತುದಿಯೂ ಇದೆ. ಎಡ್ಮಂಟನ್‌ಗೆ 2010, 2011, 2012, ಮೂರು ವರ್ಷವೂ ಮೊದಲ ಆಯ್ಕೆ ಸಿಕ್ಕಿತು. ಮೂರು ಸಲವೂ ಫಾರ್ವರ್ಡ್: ಟೇಲರ್ ಹಾಲ್, ರಯಾನ್ ನ್ಯೂಜೆಂಟ್ ಹಾಪ್ಕಿನ್ಸ್, ನೈಲ್ ಯಾಕುಪೊವ್. ಹಿಂದೆ ಕಾಯುವವರು ಮಾತ್ರ ಇರಲಿಲ್ಲ. 2017ರವರೆಗೂ ಆ ತಂಡ ಪ್ಲೇಆಫ್ ಮುಖ ನೋಡಲಿಲ್ಲ. ಕೊನೆಗೆ 2016ರಲ್ಲಿ ಹಾಲ್‌ನನ್ನೇ ಕೊಟ್ಟು ಆಡಮ್ ಲಾರ್ಸನ್ ಅನ್ನುವ ಡಿಫೆನ್ಸ್‌ಮನ್‌ನನ್ನು ತಂದರು. ಚೆನ್ನಾಗಿರುವವನನ್ನು ಆರಿಸಿದರೆ ಅರ್ಧ ಕೆಲಸ ಆಯಿತು. ಜಾಸ್ತಿ ಇರುವುದನ್ನು ಕೊಟ್ಟು ಇಲ್ಲದ್ದನ್ನು ತರುವುದು ಉಳಿದ ಅರ್ಧ. ಅದನ್ನು ಆರು ವರ್ಷ ತಡ ಮಾಡಿದರೆ ಒಳ್ಳೆಯ ಬೆಲೆ ಬರುವುದಿಲ್ಲ.

ನನ್ನ ಮಗಳಿಗೆ ಹನ್ನೆರಡು, ಎರಡು ವರ್ಷದಿಂದ ಹಾಕಿ ಆಡುತ್ತಿದ್ದಾಳೆ. ಜೂನಿಯರ್ ಆಟ ನೋಡಲು ಕರೆದುಕೊಂಡು ಹೋಗುತ್ತೇನೆ. ಸ್ಕೌಟ್ ಹಾಗೆ ನೋಡುವುದು ಹೇಗೆ? ಹುಡುಗಿಯರ ಡ್ರಾಫ್ಟ್‌ಗೂ ಇದೇ ಲೆಕ್ಕವಾ? — ಮಿಲ್ಟನ್‌ನ ಓದುಗರು

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಮಹಿಳೆಯರ ಪಿಡಬ್ಲ್ಯುಎಚ್‌ಎಲ್ ಲೀಗ್ ಶುರುವಾದದ್ದು 2024ರ ಜನವರಿಯಲ್ಲಿ. ಅಲ್ಲಿನ ಡ್ರಾಫ್ಟ್‌ಗೆ ಬರುವವರಲ್ಲಿ ಬಹಳ ಮಂದಿ ಕಾಲೇಜು ಮುಗಿಸಿದವರು. 2024ರಲ್ಲಿ ಮೊದಲನೆಯವಳಾಗಿ ಆಯ್ಕೆಯಾದ ಸಾರಾ ಫಿಲಿಯರ್‌ಗೆ ಆಗಲೇ 24 ವರ್ಷ. ಮುಂದಿನ ಸೀಸನ್‌ಗೇ ಆಡಿದಳು, ವರ್ಷದ ಹೊಸಬಳೂ ಆದಳು. ಆಯ್ಕೆಯಾದವಳು ನಾಳೆಯೇ ಆಡುತ್ತಾಳೆ ಅಂದಮೇಲೆ ಇವತ್ತಿನ ಕೊರತೆಗೆ ಅಲ್ಲಿ ಜಾಸ್ತಿ ತೂಕ. ಇದು ನ್ಯಾಯವೇ.

ಇನ್ನು ನೋಡುವುದು. ಗಾಜಿನ ಪಕ್ಕದ ಸೀಟು ಬೇಡ, ಮೂಲೆಯಲ್ಲಿ ಮೇಲಕ್ಕೆ ಕೂತುಕೊಳ್ಳಿ. ಚಳಿ ಇರುತ್ತದೆ, ಕಂಬಳಿ ಇರಲಿ. ಒಬ್ಬ ಆಟಗಾರನನ್ನು ಹಿಡಿದುಕೊಳ್ಳಿ, ಒಂದು ಶಿಫ್ಟ್ ಪೂರ್ತಿ, ಅಂದರೆ ಮುಕ್ಕಾಲು ನಿಮಿಷ, ಅವನನ್ನು ಬಿಟ್ಟು ಬೇರೇನೂ ನೋಡಬೇಡಿ. ಪಕ್ (ಚೆಂಡಿನ ಬದಲು ಆಡುವ ಬಿಲ್ಲೆ) ಎಲ್ಲಿಗೆ ಹೋದರೂ ಕಣ್ಣು ಅವನ ಮೇಲೇ ಇರಲಿ. ಮೊದಮೊದಲು ಬಹಳ ಕಷ್ಟ.

ಹೋದ ಚಳಿಗಾಲ ನಾನು ಹೀಗೆ ಒಬ್ಬ ಡಿಫೆನ್ಸ್ ಹುಡುಗನನ್ನು ನೋಡುತ್ತಿದ್ದೆ. ಪಕ್ ಮೂಲೆಗೆ ಉರುಳಿತು, ಅವನು ಅದರ ಹಿಂದೆ ಹೊರಟ. ಬೋರ್ಡ್ ಮುಟ್ಟುವ ಮೊದಲು ಎಡ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿದ. ಮತ್ತೆ ಬಲಕ್ಕೆ ಒಮ್ಮೆ. ಎದುರಾಳಿ ಯಾವ ಕಡೆಯಿಂದ ಬರುತ್ತಿದ್ದಾನೆ, ಜೊತೆಗಾರ ಎಲ್ಲಿ ನಿಂತಿದ್ದಾನೆ, ಎರಡೂ ತಲೆಗೆ ಹೋಯಿತು. ಪಕ್ ಕೋಲಿಗೆ ತಾಗಿದ ಕ್ಷಣವೇ ಪಾಸ್ ಹೊರಟಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅಂಕಿಯಲ್ಲಿ ಅದು ಎಲ್ಲೂ ಬರುವುದಿಲ್ಲ. ಎರಡು ಸಾಲು ಕೆಳಗೆ ಕೂತಿದ್ದ ಒಬ್ಬರು ಮಾತ್ರ ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆಮೇಲೆ ಅದೇ ಹುಡುಗ ಒಂದು ಪಾಸ್ ತಪ್ಪು ಮಾಡಿ ಗೋಲ್ ಬಿಟ್ಟುಕೊಟ್ಟ. ಆಗ ನಾನು ಬೆಂಚ್ ಕಡೆ ನೋಡಿದೆ. ಕೋಚ್ ಬಗ್ಗಿ ಏನೋ ಹೇಳಿದರು, ಹುಡುಗ ತಲೆಯಾಡಿಸಿದ, ನೀರು ಕುಡಿದ. ಮುಂದಿನ ಶಿಫ್ಟ್‌ನಲ್ಲಿ ಮತ್ತೆ ಅದೇ ಪಾಸ್‌ಗೆ ಕೈ ಹಾಕಿದ, ಹೆದರಲಿಲ್ಲ.

ಮಗಳಿಗೂ ಒಂದು ಪುಟ್ಟ ಪುಸ್ತಕ ಕೊಡಿ. ಗೋಲ್ ಲೆಕ್ಕ ಬೋರ್ಡ್ ಮೇಲೆ ಇರುತ್ತದೆ, ಅದನ್ನು ಬರೆಯುವುದು ಬೇಡ. ಅವಳು ಆರಿಸಿಕೊಂಡ ಆಟಗಾರ ಪಕ್ ಮುಟ್ಟುವ ಮೊದಲು ಎಷ್ಟು ಸಲ ತಿರುಗಿ ನೋಡಿದ, ಅದಷ್ಟೇ ಬರೆದುಕೊಳ್ಳಲಿ. ಮುಂದಿನ ವಾರ ಅವಳ ಆಟದಲ್ಲಿ ನೀವು ಅದನ್ನೇ ಎಣಿಸಿ.