ಚಳ್ಳಕೆರೆ ಕಡೆಯ ಮರಳು ಮಣ್ಣಿನಲ್ಲಿ ಮನೆ ಮುಂದೆ ಹುಲ್ಲುಹಾಸು ಬೆಳೆಸಬಹುದಾ?

ಬೆಳೆಸಬಹುದು. ಆದರೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ಬೇಡ, ಅದಕ್ಕೆ ನೀರು ಜಾಸ್ತಿ ಬೇಕು. ನಮ್ಮ ಹೊಲದ ಬದುವಿನ ಗರಿಕೆಯೇ ಸಾಕು.

ಅಸಲಿ ಕೆಲಸ ಇರುವುದು ಮಣ್ಣಿನಲ್ಲಿ. ಮರಳಲ್ಲಿ ನೀರೂ ನಿಲ್ಲುವುದಿಲ್ಲ, ಗೊಬ್ಬರವೂ ನಿಲ್ಲುವುದಿಲ್ಲ. ಕೆರೆ ಹೂಳೆತ್ತುವಾಗ ಒಂದು ಟ್ರ್ಯಾಕ್ಟರ್ ಗೋಡು ತರಿಸಿ. ಹಸಿಯಾಗಿ ಹಾಕಿದರೆ ಹೆಂಟೆ ಕಟ್ಟುತ್ತದೆ. ಒಣಗಿಸಿ, ಪುಡಿ ಮಾಡಿ, ಕೊಳೆತ ಕೊಟ್ಟಿಗೆ ಗೊಬ್ಬರದ ಜತೆ ಮೇಲಿನ ಅರ್ಧ ಅಡಿ ಮಣ್ಣಿಗೆ ಬೆರೆಸಿ. ಮಳೆ ಶುರುವಾದ ಮೇಲೆ ಗರಿಕೆ ತುಂಡು ನೆಡಿ.

ಬೇರು ಹಿಡಿದ ಮೇಲೆ ದಿನಾ ಸುಮ್ನೆ ನೀರು ಚಿಮುಕಿಸಬೇಡಿ. ನಾಲ್ಕೈದು ದಿನಕ್ಕೊಮ್ಮೆ, ಬೆಳಗಿನ ಜಾವ, ಚೆನ್ನಾಗಿ ಹಾಯಿಸಿ. ಗೇಣುದ್ದದ ಕಡ್ಡಿ ಚುಚ್ಚಿದರೆ ತುದಿಗೂ ತೇವ ಅಂಟಬೇಕು. ತೀರಾ ಬುಡಕ್ಕೆ ಕತ್ತರಿಸಬೇಡಿ. ಯೂರಿಯಾ ಹಾಕುವುದಾದರೆ ಸ್ವಲ್ಪ ಸ್ವಲ್ಪವೇ. ಇನ್ನು, ಬೋರ್ ನೀರು ಕುಡಿಯೋದಕ್ಕೇ ಸಾಲದಿದ್ದರೆ ಇಡೀ ಅಂಗಳಕ್ಕೆ ಹುಲ್ಲು ಯಾಕೆ? ಕೂರುವಷ್ಟು ಜಾಗಕ್ಕೆ ಹಾಕಿದರೆ ಸಾಕಲ್ವಾ.