ಕ್ಯಾಪ್ಟನ್‌ಗೆ ಕೇಳಿ: ಮಗ ಯಾಕೆ ಫೋನ್ ಎತ್ತಲ್ಲ?

ಹದಿನಾಲ್ಕು ವರ್ಷ ಗಲ್ಫಿನಲ್ಲಿ ವಿಮಾನ ಹಾರಿಸಿ, ಈಗ ಧಾರವಾಡದ ಮಾಳಮಡ್ಡಿಯಲ್ಲಿ ನೆಲೆಸಿರುವ ನಿವೃತ್ತ ಕ್ಯಾಪ್ಟನ್ ಈ ಸಲ ಮೂರು ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗ ದುಬೈ ಕಡೆ ಕೋ-ಪೈಲಟ್. ಹೋಗಿ ಮೂರು ವರ್ಷ ಆಯ್ತು. ಮೊದಲು ದಿನಾ ಫೋನ್ ಮಾಡುತ್ತಿದ್ದ. ಈಗ ನಾನು ರಾತ್ರಿ ಎಂಟಕ್ಕೆ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ‘ಹೂಂ’, ‘ಆತವ್ವಾ’ ಅಷ್ಟೇ. ಹೋದ ತಿಂಗಳು ‘ಬಿಟ್ಟು ಬಂದ್ಬಿಡ್ಲೇನವ್ವಾ’ ಅಂದ. ಬೀಗರು ‘ಅಷ್ಟು ಪಗಾರ ಬಿಟ್ಟು ಯಾರರ ಬರ್ತಾರೇನ್ರೀ’ ಅಂತಾರೆ. ಅವನಿಗೆ ಏನಾಗಿದೆ? ನಾನು ಏನು ಹೇಳಲಿ?
— ಒಬ್ಬ ತಾಯಿ, ಬೆಟಗೇರಿ

ಉತ್ತರ: ಅಕ್ಕಾರ, ಮೊದಲು ಗಡಿಯಾರ ನೋಡೋಣ. ನಿಮಗೆ ರಾತ್ರಿ ಎಂಟು ಅಂದರೆ ದುಬೈಯಲ್ಲಿ ಸಂಜೆ ಆರೂವರೆ. ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಇರುವವನು ಆ ಹೊತ್ತಿಗೆ ಒಂದಿಷ್ಟು ನಿದ್ದೆ ಹಿಡಿಯಲು ಒದ್ದಾಡುತ್ತಿರುತ್ತಾನೆ. ನನ್ನ ಅವ್ವನೂ ಅದೇ ಹೊತ್ತಿಗೆ ಮಾಡುತ್ತಿದ್ದಳು, ದೇವರಿಗೆ ದೀಪ ಹಚ್ಚಿ, ಸೀರಿಯಲ್ ಶುರುವಾಗುವುದರೊಳಗೆ. ಒಂದು ಸಲ ರೇಗಿಬಿಟ್ಟೆ. ಆಮೇಲೆ ಒಂದು ತಿಂಗಳು ಅವಳು ಫೋನನ್ನೇ ಮಾಡಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ನಮ್ಮ ಮಲಗುವ ಕೋಣೆಯ ಕಿಟಕಿಗೆ ರೊಟ್ಟಿ ಸುತ್ತುವ ಅಲ್ಯುಮಿನಿಯಂ ಫಾಯಿಲ್ ಅಂಟಿಸಿದ್ದೆವು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಮುಂಜಾನೆ ಒಂಬತ್ತಕ್ಕೆ ಮಲಗಿದರೆ ಹನ್ನೆರಡಕ್ಕೆ ಎಚ್ಚರ. ಟೇಪಿನ ಒಂದು ಮೂಲೆ ಯಾವಾಗಲೂ ಬಿಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಅಂಗೈಯಷ್ಟು ಬಿಸಿಲು ಸರಿಯಾಗಿ ದಿಂಬಿನ ಮೇಲೆ. ಎದ್ದು ಅಂಟಿಸಬೇಕೋ, ಹಾಗೇ ಮಗ್ಗಲು ಬದಲಿಸಬೇಕೋ ಅಂತ ಯೋಚನೆ ಮಾಡುವುದರಲ್ಲೇ ನಿದ್ದೆ ಹೋಗುತ್ತಿತ್ತು. ಪಗಾರ ಎಷ್ಟು ಅಂತ ನನ್ನನ್ನು ನೂರು ಜನ ಕೇಳಿದ್ದಾರೆ. ನಿದ್ದೆ ಎಷ್ಟು ಅಂತ ಕೇಳಿದವಳು ನನ್ನ ಹೆಂಡತಿ ಒಬ್ಬಳೇ.

ನಿಮ್ಮ ಬೀಗರು ಇನ್ನೊಂದು ಮಾತು ಹೇಳಬಹುದು: ‘ಪೈಲಟ್‌ಗೆ ವರ್ಷಕ್ಕೆ 900 ತಾಸು ಮಾತ್ರ ಕೆಲಸ ಅಂತಲ್ರೀ, ಅಂದ್ರ ತಿಂಗಳಿಗೆ 75 ತಾಸು, ಆರಾಮ ಅಲ್ವಾ?’ 900 ಅನ್ನುವುದು ಅಲ್ಲಿನ ಮಿತಿ, ನಮ್ಮ ದೇಶದಲ್ಲಿ 1000. ಆದರೆ ಆ ಲೆಕ್ಕ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ, ಮುಗಿಯುವುದು ಇಳಿದು ನಿಂತಾಗ. ಒಂದೂವರೆ ತಾಸು ಮೊದಲೇ ಬಂದು ಹವಾಮಾನ, ಇಂಧನ ನೋಡಿದ್ದು ಅದರಲ್ಲಿಲ್ಲ. ಮನೆಯಲ್ಲಿ ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟು, ಕರೆ ಬರಬಹುದು ಅಂತ ಕೂತ ಸ್ಟ್ಯಾಂಡ್‌ಬೈ ದಿನವೂ ಇಲ್ಲ. ಹಗಲು ಹಾರಿದ ತಾಸಿಗೂ ರಾತ್ರಿ ಹಾರಿದ ತಾಸಿಗೂ ಅದೇ ಲೆಕ್ಕ.

ದೇಹಕ್ಕೆ ಮಾತ್ರ ಎರಡೂ ಒಂದೇ ಅಲ್ಲ. ನಸುಕಿನ ಎರಡರಿಂದ ಆರರವರೆಗೆ ಮನುಷ್ಯನ ಚುರುಕು ತಳ ಮುಟ್ಟುತ್ತದೆ. ಮಂಗಳೂರಿನ ದುರಂತ ನಿಮಗೆ ನೆನಪಿರಬಹುದು, 2010ರ ಮೇ 22. ದುಬೈಯಿಂದ ರಾತ್ರಿಯೆಲ್ಲ ಹಾರಿ ಬಂದ ವಿಮಾನ ಬೆಳಿಗ್ಗೆ ಆರರ ಸುಮಾರಿಗೆ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಎಂಟು ಜನ ಉಳಿದರು. ಕ್ಯಾಪ್ಟನ್ ಹೊರದೇಶದಿಂದ ಬಂದು ಇಲ್ಲಿ ಕೆಲಸ ಮಾಡುತ್ತಿದ್ದವರು. ದಾರಿಯಲ್ಲಿ ಒಂದೂವರೆ ತಾಸಿಗಿಂತ ಜಾಸ್ತಿ ಅವರು ನಿದ್ದೆ ಹೋಗಿದ್ದರು, ಎದ್ದ ಮಂಪರಿನಲ್ಲಿ ತೀರ್ಮಾನ ತಪ್ಪಿರಬಹುದು ಅಂತ ತನಿಖೆ ಹೇಳಿತು. ಇಳಿಯುವುದು ಬೇಡ, ಮೇಲೆ ಹೋಗೋಣ ಅಂತ ಕೋ-ಪೈಲಟ್ ಮೂರು ಸಲ ಹೇಳಿದ್ದು ರೆಕಾರ್ಡಿಂಗಿನಲ್ಲಿತ್ತು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ ಅಕ್ಕಾರ. ನಿಮ್ಮ ಮಗನ ದಣಿವು ಸೋಮಾರಿತನ ಅಲ್ಲ ಅಂತ ಬೀಗರಿಗೆ ತಿಳಿಯಲಿ ಅಂತ.

ದಣಿವು ಒಂದು ಕಡೆ. ಮನಸ್ಸು ಮುರಿಯುವುದು ಬೇರೆ ಕಾರಣಕ್ಕೆ. ಒಂದು ತಿಂಗಳು ನನಗೆ ಸಾಲಾಗಿ ರಾತ್ರಿ ಡ್ಯೂಟಿ ಬಂದವು. ಕೊನೆಯದಕ್ಕೆ ಒಲ್ಲೆ ಅಂದೆ, ದಣಿವಿನ ವರದಿ ಬರೆದೆ. ಹಾಗೆ ಬರೆಯುವುದು ಪೈಲಟ್‌ನ ಕರ್ತವ್ಯ ಅಂತಲೇ ಕಂಪನಿಯ ನಿಯಮದ ಪುಸ್ತಕದಲ್ಲಿದೆ. ಮೂರನೆಯ ದಿನ ಆಫೀಸಿಗೆ ಕರೆದರು. ಬಯ್ಯಲಿಲ್ಲ. ಚಹಾ ಕೊಟ್ಟು, ‘ಮನೆಯಲ್ಲಿ ಏನಾದರೂ ತೊಂದರೆ ಇದೆಯಾ?’ ಅಂತ ನಯವಾಗಿ ಕೇಳಿದರು. ರೋಸ್ಟರಿನ, ಅಂದರೆ ತಿಂಗಳ ಡ್ಯೂಟಿ ಪಟ್ಟಿಯ, ತೊಂದರೆ ಅಲ್ಲಿಂದ ಎದ್ದು ನನ್ನ ಮನೆಗೆ ಬಂದು ಕೂತಿತು! ಆಮೇಲೆ ನಾನು ಬರೆಯಲಿಲ್ಲ. ಉಳಿದವರೂ ಬರೆಯಲಿಲ್ಲ. ದಣಿವೇ ಇಲ್ಲ ಅಂತ ಕಂಪನಿ ತಿಳಿದುಕೊಂಡಿರಬೇಕು.

ನಾನು ಸೇರಿದಾಗ ಸಿಬ್ಬಂದಿ ಬಸ್ಸಿನಲ್ಲಿ ಗದ್ದಲವೋ ಗದ್ದಲ. ಕೀನ್ಯಾದವನು, ಬ್ರೆಜಿಲ್‌ನವನು, ಕೊರಿಯಾದವನು, ನಡುವೆ ಶೇಂಗಾ ಹೋಳಿಗೆ ಡಬ್ಬಿ ಹಿಡಿದ ನಾನು. ಕೊನೆಯ ವರ್ಷಗಳಲ್ಲಿ ಅದೇ ಬಸ್ಸಿನಲ್ಲಿ ಮಾತೇ ಇಲ್ಲ. ಎಲ್ಲರೂ ಮೊಬೈಲ್ ಸ್ವಲ್ಪ ಓರೆ ಮಾಡಿಕೊಂಡು ಬೇರೆ ಕಂಪನಿಯ ಜಾಹೀರಾತು ನೋಡುವವರೇ. ಜಗಳ ಮಾಡಲು ಸಂಘ ಇಲ್ಲ. ಯುಎಇಯಲ್ಲಿ ಕಾರ್ಮಿಕ ಸಂಘಕ್ಕೆ ಅವಕಾಶವೇ ಇಲ್ಲ. ವೀಸಾ, ಮನೆ, ಮಕ್ಕಳ ಸಾಲಿ, ಕಾರಿನ ಸಾಲ ಎಲ್ಲ ಒಂದೇ ಗೂಟಕ್ಕೆ ಕಟ್ಟಿರುತ್ತವೆ. 2020ರಲ್ಲಿ ಕೊರೋನಾ ಬಂದು ಆ ಗೂಟ ಕಿತ್ತಾಗ ನಮ್ಮ ಪಕ್ಕದ ಮನೆಯ ಕ್ಯಾಪ್ಟನ್ ಹೊಸ ಫ್ರಿಜ್ಜನ್ನು ಕಾವಲುಗಾರನಿಗೆ ಸುಮ್ನೆ ಕೊಟ್ಟು ಹೋದ. ಮಾರಲು ಪುರುಸೊತ್ತಿರಲಿಲ್ಲ.

ಈಗ ನೀವು ಏನು ಮಾಡಬೇಕು? ‘ಬಿಟ್ಟು ಬಾ’ ಅನ್ನಬೇಡಿ, ‘ಅಲ್ಲೇ ಇರು’ ಅಂತಲೂ ಅನ್ನಬೇಡಿ. ತಿಂಗಳ ರೋಸ್ಟರನ್ನು ವಾಟ್ಸಾಪಿನಲ್ಲಿ ಕಳಿಸು ಅನ್ನಿ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆ ಪಕ್ಕದಲ್ಲೇ ಅವನ ರಾತ್ರಿ ಡ್ಯೂಟಿಗಳನ್ನು ಗುರುತು ಹಾಕಿ. ರಜೆ ಇರುವ ದಿನ ಫೋನ್ ಮಾಡಿ. ನೋಡಿ, ದನಿ ಬೇರೆಯೇ ಇರುತ್ತದೆ.

ರಜೆ ಹಾಕಿ ಊರಿಗೆ ಬಂದಾಗ ಮೊದಲ ನಾಲ್ಕು ದಿನ ಮಲಗಲು ಬಿಡಿ. ಜಾತ್ರೆ, ಮದುವೆ, ಕನ್ಯಾ ನೋಡುವುದು ಯಾವುದೂ ಬೇಡ. ಆಮೇಲೆ ಮುಖ ಅರಳಿದರೆ ಅದು ರೋಸ್ಟರಿನ ಕಾಟ, ಕಂಪನಿ ಬದಲಿಸಿದರೆ ಹೋಗಬಹುದು. ಎರಡು ವಾರ ಆದರೂ ಊಟ ಸೇರದೆ, ನಿದ್ದೆ ಬಾರದೆ, ಹಳೇ ಗೆಳೆಯರೂ ಬೇಡ ಅಂದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಪೈಲಟ್‌ಗಳು ಹೋಗಲು ಹೆದರುತ್ತಾರೆ, ಮೆಡಿಕಲ್ ಸರ್ಟಿಫಿಕೇಟ್ ಹೋದರೆ ಅನ್ನವೇ ಹೋಗುತ್ತದೆ ಅಂತ. ನಾನೂ ಹೆದರಿದ್ದೆ. ಆದರೆ ಮುಚ್ಚಿಟ್ಟು ಹಾರಿಸುವುದು ಅವನಿಗೂ ಅಪಾಯ, ಹಿಂದೆ ಕೂತವರಿಗೂ ಅಪಾಯ. ಇನ್ನೊಂದು ಮಾತು: ಅವನ ಭಾರತದ ಲೈಸೆನ್ಸ್, ಇಲ್ಲಿನ ಮೆಡಿಕಲ್ ಎರಡೂ ಚಾಲ್ತಿಯಲ್ಲಿವೆಯಾ ಕೇಳಿ. ಇದ್ದರೆ ಬರುವ ದಾರಿ ತೆರೆದಿದೆ ಅಂತ ಅವನಿಗೇ ಧೈರ್ಯ. ಆ ಧೈರ್ಯದ ಮೇಲೇ ನಾನು ಕೊನೆಯ ಎರಡು ವರ್ಷ ತಳ್ಳಿದೆ.

ಪ್ರಶ್ನೆ: ನಮ್ಮ ಯಜಮಾನರು ಇಲ್ಲಿ ಕ್ಯಾಪ್ಟನ್. ಹೊರದೇಶದಿಂದ ಆಫರ್ ಬಂದಿದೆ. ಕಾಗದ ನೋಡುವಾಗ ಏನು ಗಮನಿಸಬೇಕು?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಒಟ್ಟು ಮೊತ್ತ ನೋಡಬೇಡಿ, ಮೂಲ ಪಗಾರ ಎಷ್ಟು ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಮೂಲ ಪಗಾರದ ಮೇಲೇ ಲೆಕ್ಕ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ್ದು, ಆಮೇಲೆ 30 ದಿನದ್ದು. ಭತ್ಯೆ ಎಷ್ಟೇ ದೊಡ್ಡದಿರಲಿ, ಅಲ್ಲಿ ಅದಕ್ಕೆ ಬೆಲೆ ಇಲ್ಲ. ತರಬೇತಿ ಬಾಂಡ್ (ನಡುವೆ ಬಿಟ್ಟರೆ ತರಬೇತಿ ಖರ್ಚು ವಾಪಸ್ ಕೊಡಬೇಕು ಅನ್ನುವ ಕರಾರು) ಎಷ್ಟು ವರ್ಷದ್ದು, ಕಂಪನಿಯೇ ತೆಗೆದರೆ ಆ ಸಾಲ ಯಾರ ತಲೆಗೆ, ಇದನ್ನು ಬರಹದಲ್ಲಿ ಕೇಳಿ. ಬಾಯಿಮಾತಿಗೆ ತಲೆ ಆಡಿಸಬೇಡಿ. ಮಕ್ಕಳ ಸಾಲಿ ಖರ್ಚು ಎಷ್ಟು ಮಕ್ಕಳಿಗೆ, ಎಷ್ಟನೇ ವಯಸ್ಸಿನವರೆಗೆ?

ಇಲ್ಲಿನ ಕೆಲಸ ಬಿಡುವ ಮೊದಲು ಕೊಡಬೇಕಾದ ನೋಟಿಸ್ ಮರೆಯಬೇಡಿ. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದ ಪ್ರಕಾರ ಕ್ಯಾಪ್ಟನ್‌ಗೆ ಒಂದು ವರ್ಷ, ಕೋ-ಪೈಲಟ್‌ಗೆ ಆರು ತಿಂಗಳು. ಎಲ್ಲಕ್ಕಿಂತ ಮೊದಲು, ಅದೇ ಕಂಪನಿಯಲ್ಲಿ ಅದೇ ವಿಮಾನ ಹಾರಿಸುವ ಒಬ್ಬರಿಂದ ಹಿಂದಿನ ಮೂರು ತಿಂಗಳ ರೋಸ್ಟರ್ ತರಿಸಿ. ಕಂಪನಿ ತೋರಿಸುವ ಮಾದರಿ ರೋಸ್ಟರ್ ಬೇಡ. ಅದು ಕನ್ಯಾ ನೋಡಲು ಬಂದ ದಿನದ ಉಪ್ಪಿಟ್ಟಿನ ಹಾಗೆ. ಸಾಲಾಗಿ ಎಷ್ಟು ರಾತ್ರಿ, ಕೇಳಿದ ರಜೆಯಲ್ಲಿ ಎಷ್ಟು ಸಿಕ್ಕಿತು, ಎರಡನ್ನೇ ನೀವೇ ಕೂತು ಎಣಿಸಿ. ಯಜಮಾನರು ಎಣಿಸಲ್ಲ. ಅವರ ಕಣ್ಣು ದೊಡ್ಡ ವಿಮಾನದ ಫೋಟೋ ಮೇಲಿರುತ್ತದೆ.

ಪ್ರಶ್ನೆ: ನಮ್ಮಲ್ಲೇ ಪೈಲಟ್ ಆದ ಹುಡುಗರು ಕೆಲಸ ಇಲ್ಲದೆ ಕೂತಿರುವಾಗ ನಮ್ಮ ಕಂಪನಿಗಳು ಪರದೇಶದವರನ್ನು ಯಾಕೆ ಕರೆಸುತ್ತವೆ?
— ಗೋಕುಲ ರೋಡ್, ಹುಬ್ಬಳ್ಳಿ

ಉತ್ತರ: ಕೂತಿರುವ ಹುಡುಗರ ಹತ್ತಿರ ಇರುವುದು ಸುಮಾರು 200 ತಾಸು ಹಾರಿ ಪಡೆದ ಕಮರ್ಷಿಯಲ್ ಲೈಸೆನ್ಸ್. ಕಂಪನಿಗೆ ಕಡಿಮೆ ಬೀಳುವುದು ಕ್ಯಾಪ್ಟನ್‌ಗಳು. ಕ್ಯಾಪ್ಟನ್‌ಗೆ ಬೇಕಾದ ಲೈಸೆನ್ಸಿಗೇ 1500 ತಾಸು ಬೇಕು, ಕಂಪನಿಗಳು ಕೇಳುವುದು ಅದಕ್ಕಿಂತ ಜಾಸ್ತಿ. ವಿಮಾನವನ್ನು ದುಡ್ಡು ಕೊಟ್ಟು ತರಬಹುದು, ಕ್ಯಾಪ್ಟನ್ ತಯಾರಾಗಲು ವರ್ಷಗಳು ಬೇಕು. ಆ ಅಂತರಕ್ಕೆ ಡಿಜಿಸಿಎ ಹೊರಗಿನವರಿಗೆ ತಾತ್ಕಾಲಿಕ ಪರವಾನಗಿ ಕೊಡುತ್ತದೆ, ಅದಕ್ಕೆ ಫಾಟಾ ಅಂತಾರೆ.

ಅವರ ಮೇಲೆ ಸಿಟ್ಟು ಬೇಡ. ಒಂದು ಮಳೆಗಾಲದಲ್ಲಿ ವಿಮಾನ ಹುಬ್ಬಳ್ಳಿಯಲ್ಲೇ ಉಳಿದು, ಯುರೋಪಿನ ಒಬ್ಬ ಕ್ಯಾಪ್ಟನ್ ಹೋಟೆಲಿನ ಲಾಬಿಯಲ್ಲಿ ಸಿಕ್ಕಿದ್ದರು. ಆರು ವಾರ ಇಲ್ಲಿ, ಮೂರು ವಾರ ಮನೆಯಲ್ಲಿ, ಹಾಗೆ ಒಪ್ಪಂದ. ಯಾರೋ ಕೊಟ್ಟ ಧಾರವಾಡ ಪೇಡೆ ತಿಂದು ಮಗಳಿಗೆ ಒಯ್ಯಬೇಕು ಅಂತ ಆಸೆಪಟ್ಟರು. ಎಷ್ಟು ದಿನ ಬಾಳುತ್ತದೆ ಅಂತ ಕೇಳಿದರು. ಹತ್ತು ದಿನ ಅಂದೆ. ಬೆರಳು ಎಣಿಸಿ, ಮನೆಗೆ ಹೋಗಲು ಇನ್ನೂ ಹದಿನಾರು ದಿನ ಇದೆ ಅಂದರು. ವಿಳಾಸ ಬರೆದುಕೊಳ್ಳಿ, ಹೊರಡುವ ಹಿಂದಿನ ದಿನ ಯಾರ ಕೈಲಾದರೂ ತರಿಸಿಕೊಡುತ್ತೇನೆ ಅಂದೆ. ಲೈನ್ ಬಜಾರ್ ಅಂತ ತಮ್ಮ ಲಿಪಿಯಲ್ಲಿ ಬರೆದುಕೊಂಡರು.