ಓಡಿದರೂ ತುಂಬದ ಪವರ್ ಸ್ಟೇಷನ್
ರಾಯಚೂರಿನಿಂದ ಬಳ್ಳಾರಿವರೆಗೆ ಮೂರು ಗಂಟೆ ವ್ಯಾನ್ ಓಡಿಸಿದರೂ ನಿಮ್ಮ 1000 ವ್ಯಾಟ್-ಅವರ್ ಪವರ್ ಸ್ಟೇಷನ್ (ಹೊತ್ತೊಯ್ಯುವ ದೊಡ್ಡ ಬ್ಯಾಟರಿ ಪೆಟ್ಟಿಗೆ) 30 ಪರ್ಸೆಂಟ್ ಚಾರ್ಜ್ ದಾಟಲಿಲ್ಲ ಅಂದಿರಿ. ಗಾಬರಿ ಬೇಡ, ಅದು ಕೆಟ್ಟಿಲ್ಲ. ಸಿಗರೇಟ್ ಲೈಟರ್ ಸಾಕೆಟ್‌ನಿಂದ ಬರುವುದೇ ಸುಮಾರು 100 ವ್ಯಾಟ್. ಪೂರ್ತಿ ತುಂಬಲು ಹತ್ತು ಗಂಟೆ ಬೇಕು.

ದಿನಾ ಓಡಾಡುವುದಾದರೆ ಗಾಡಿ ಬ್ಯಾಟರಿಯಿಂದ ನೇರವಾಗಿ, ಸಾಕೆಟ್‌ಗಿಂತ ಜಾಸ್ತಿ ವ್ಯಾಟ್ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ, ಫ್ಯೂಸ್ ಸಮೇತ. ಒಂದೇ ಕಡೆ ನಿಲ್ಲುವುದು ಜಾಸ್ತಿಯಾದರೆ 200 ವ್ಯಾಟ್ ಸೋಲಾರ್ ಪ್ಯಾನೆಲ್ ತಗೊಳ್ಳಿ. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ ಅಲ್ವಾ?

ಆದರೆ ಅದೇ ಬಿಸಿಲು ಬ್ಯಾಟರಿಗೆ ಆಗುವುದಿಲ್ಲ. ಮೇ ತಿಂಗಳಲ್ಲಿ ಮುಚ್ಚಿದ ವ್ಯಾನ್ ಒಳಗೆ 50 ಡಿಗ್ರಿ ದಾಟುತ್ತದೆ. ಹೆಚ್ಚಿನ ಲಿಥಿಯಂ ಬ್ಯಾಟರಿಗಳು 45 ಡಿಗ್ರಿ ಆಸುಪಾಸಿನಲ್ಲೇ ಚಾರ್ಜ್ ನಿಲ್ಲಿಸುತ್ತವೆ. ಪ್ಯಾನೆಲ್ ಬಿಸಿಲಲ್ಲಿರಲಿ. ಉದ್ದ ಕೇಬಲ್ ಎಳೆದು ಪೆಟ್ಟಿಗೆಯನ್ನು ಬೇವಿನ ಮರದ ನೆರಳಲ್ಲಿಡಿ.